ದೆವ್ವದ ಹಡಗಿನ ಮೇಲೆ ಥಿಯರಿ ಕಟ್ಟುವುದು ಹೇಗೆ, ಒರೆಗೆ ಹಚ್ಚುವುದು ಹೇಗೆ

ಮೊದಲೇ ಒಂದು ಎಚ್ಚರಿಕೆ. ನಿಂಟೆಂಡೊ ಕಂಪನಿಯ ಜೆಲ್ಡಾ ಸರಣಿಯ ವಿಂಡ್ ವೇಕರ್, ಫ್ಯಾಂಟಮ್ ಅವರ್‌ಗ್ಲಾಸ್, ಸ್ಪಿರಿಟ್ ಟ್ರ್ಯಾಕ್ಸ್ ಈ ಮೂರೂ ಗೇಮ್‌ಗಳ ಕತೆ ಇಲ್ಲಿ ಕೊನೆಯವರೆಗೆ ಬಯಲಾಗುತ್ತದೆ. ಆಡದೇ ಇರುವವರು ಆಡಿ ಮುಗಿಸಿ ಬಂದು ಓದಿ.

ಈ ಸರಣಿಯ ದೆವ್ವದ ಹಡಗಿನ ಬಗ್ಗೆ ಅಭಿಮಾನಿಗಳ ಥಿಯರಿಗಳಿಗೆ ಬರವಿಲ್ಲ. ಸತ್ತವರನ್ನು ಸಾಗಿಸುವ ಹಡಗು ಅನ್ನುವವರಿದ್ದಾರೆ, ಕಥಾನಾಯಕ ಲಿಂಕ್‌ನ ಮನಸ್ಸಿನ ಭಯ ಅನ್ನುವವರಿದ್ದಾರೆ, ಸಮುದ್ರದಡಿ ಮುಳುಗಿದ ಹೈರೂಲ್ ರಾಜ್ಯದ ಪಳೆಯುಳಿಕೆ ಅನ್ನುವವರೂ ಇದ್ದಾರೆ. ಕೇಳುವುದಕ್ಕೆ ಎಲ್ಲವೂ ಚೆಂದ. ಆದರೆ ‘ನಿಮ್ಮ ಮಾತು ಸುಳ್ಳಾಗಿದ್ದರೆ ಸ್ಕ್ರೀನ್ ಮೇಲೆ ಏನು ಕಾಣಬೇಕಿತ್ತು?’ ಎಂದು ಕೇಳಿ ನೋಡಿ, ಹೆಚ್ಚಿನವು ಅಲ್ಲೇ ನಿಂತುಬಿಡುತ್ತವೆ. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಥಿಯರಿ ಕಟ್ಟುವ ಕ್ರಮ ಇಲ್ಲಿದೆ. ದಾವಣಗೆರೆ, ಚಿತ್ರದುರ್ಗದ ಕಡೆ ನಿಂಟೆಂಡೊ ಕನ್ಸೋಲ್ ಇರುವ ಮನೆಗಳು ಕಡಿಮೆ. ಹಾಗಾಗಿ ನಾಲ್ಕು ಜನ ಒಂದು ಮನೆಯ ಟಿವಿ ಮುಂದೆ ಸೇರಿ ಮಾಡುವ ಹಾಗೆ ಇದನ್ನು ಬರೆದಿದ್ದೇವೆ.

ಪ್ರಶ್ನೆ ಸಣ್ಣದಿರಲಿ

‘ಹಡಗಿನ ರಹಸ್ಯ ಏನು?’ ಅನ್ನುವುದು ಪ್ರಶ್ನೆಯೇ ಅಲ್ಲ, ಅದಕ್ಕೆ ಯಾವ ಉತ್ತರ ಕೊಟ್ಟರೂ ನಡೆಯುತ್ತದೆ. ಹೌದು ಅಥವಾ ಇಲ್ಲ ಅಂತ ಉತ್ತರಿಸಲು ಬರುವ ಹಾಗೆ ಅದನ್ನು ಒಡೆಯಬೇಕು. ಇಲ್ಲಿ ಮೂರನ್ನು ತೆಗೆದುಕೊಳ್ಳೋಣ. ವಿಂಡ್ ವೇಕರ್‌ನಲ್ಲಿ ಸಿಗುವ ಗೋಸ್ಟ್ ಶಿಪ್ ಚಾರ್ಟ್ ಬರೀ ದಾರಿ ತೋರಿಸುವ ನಕ್ಷೆಯೋ, ಒಳಗೆ ಬಿಡುವ ಅಪ್ಪಣೆಚೀಟಿಯೋ? ಫ್ಯಾಂಟಮ್ ಅವರ್‌ಗ್ಲಾಸ್‌ನ ಲೋಕ ಲಿಂಕ್ ಕಂಡ ಕನಸೋ, ನಿಜವಾದ ಬೇರೆ ಜಾಗವೋ? ಎರಡೂ ಗೇಮ್‌ಗಳಲ್ಲಿ ಬರುವುದು ಒಂದೇ ಹಡಗೋ?

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಪ್ರಶ್ನೆಗೆ ಹುಡುಕಿದ ಸಾಕ್ಷಿ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ಕಡೆಗೆ ಯಾವುದೂ ತೀರ್ಮಾನವಾಗುವುದಿಲ್ಲ.

ಬೇಕಾದ ಸಾಮಾನು, ಕೂರುವ ಜನ

ಆಡುವವರು ಒಬ್ಬರು, ಬರೆಯುವವರು ಒಬ್ಬರು, ಸ್ಕ್ರೀನ್ ನೋಡುತ್ತಾ ಫೋಟೊ ಹೊಡೆಯುವವರು ಒಬ್ಬರು. ಆಡುವವರೇ ಬರೆಯಲು ಹೋದರೆ ಅವರಿಗೆ ಬೇಕಾದದ್ದು ಮಾತ್ರ ಪುಸ್ತಕಕ್ಕೆ ಇಳಿಯುತ್ತದೆ, ಬೇಡದ್ದು ಬಿಟ್ಟುಹೋಗುತ್ತದೆ. ಇದು ಬೇಕಂತಲೇ ಮಾಡುವ ಮೋಸವಲ್ಲ. ಕೈ ಕಂಟ್ರೋಲರ್ ಮೇಲಿರುವಾಗ ಕಣ್ಣು ಗುರಿಯನ್ನಷ್ಟೇ ನೋಡುತ್ತದೆ. ಸ್ಕ್ರೀನನ್ನು ನೇರವಾಗಿ ದಾಖಲಿಸುವ ಕ್ಯಾಪ್ಚರ್ ಕಾರ್ಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಟಿವಿಗೆ ನೇರವಾಗಿ ನಿಲ್ಲಿಸಿ. ಟ್ಯೂಬ್‌ಲೈಟಿನ ಬೆಳಕು ಟಿವಿ ಮೇಲೆ ಬಿದ್ದರೆ ರಾತ್ರಿ ಸಮುದ್ರದ ದೃಶ್ಯ ಫೋಟೊದಲ್ಲಿ ಸರಿಯಾಗಿ ಕಾಣುವುದಿಲ್ಲ, ಲೈಟ್ ಆರಿಸಿಯೇ ಕೂರಬೇಕು. ಮಂಡಕ್ಕಿ ಮಿರ್ಚಿ ತಿನ್ನುವುದಿದ್ದರೆ ಆಡುವವರ ಸರದಿ ಮುಗಿದ ಮೇಲೆ ತಿನ್ನಲಿ. ಎಣ್ಣೆಗೈಯಲ್ಲಿ ಅನಲಾಗ್ ಸ್ಟಿಕ್ ಜಾರಿದರೆ ಮುಂದೆ ಹೇಳುವ ಹಾಡು ತಪ್ಪುತ್ತದೆ.

ನೋಟ್‌ಬುಕ್‌ನಲ್ಲಿ ಆರು ಕಾಲಂ ಎಳೆಯಿರಿ: ಸಾಲಿನ ನಂಬರು, ಗೇಮ್ ಮತ್ತು ಆವೃತ್ತಿ, ಜಾಗ, ಚಂದ್ರನ ಆಕಾರ, ಕಂಡದ್ದು, ಸಾಕ್ಷಿಯ ದರ್ಜೆ. ‘ಕಂಡದ್ದು’ ಕಾಲಂನಲ್ಲಿ ಅರ್ಥ ಬರೆಯಬೇಡಿ. ‘ಹಡಗು ನಮ್ಮನ್ನು ತಿರಸ್ಕರಿಸಿತು’ ಅನ್ನುವುದು ಅರ್ಥ. ‘ಹತ್ತಿರ ಹೋದಾಗ ಹಡಗು ಮಾಯವಾಯಿತು’ ಅನ್ನುವುದು ಕಂಡದ್ದು.

ಆವೃತ್ತಿಯ ಕಾಲಂ ಯಾಕೆ ಬೇಕು ಅಂದರೆ, ವಿಂಡ್ ವೇಕರ್ 2002ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಗೇಮ್‌ಕ್ಯೂಬ್‌ಗೆ ಬಂತು, 2003ರಲ್ಲಿ ಹೊರದೇಶಗಳಿಗೆ. 2013ರಲ್ಲಿ ವೀ ಯು ಕನ್ಸೋಲಿಗೆ ಎಚ್‌ಡಿ ಆವೃತ್ತಿ ಬಂತು. 2025ರ ಜೂನ್‌ನಲ್ಲಿ ಸ್ವಿಚ್ 2 ಜೊತೆಗೆ ಗೇಮ್‌ಕ್ಯೂಬ್ ಆವೃತ್ತಿಯೇ ಆನ್‌ಲೈನ್ ಚಂದಾದಾರರಿಗೆ ಮತ್ತೆ ಸಿಕ್ಕಿತು. ಎಚ್‌ಡಿಯಲ್ಲಿ ಟ್ರೈಫೋರ್ಸ್ ಎಂಬ ದೈವಿಕ ವಸ್ತುವಿನ ಚೂರುಗಳ ಹುಡುಕಾಟವನ್ನು ಬದಲಿಸಿ ಚಿಕ್ಕದು ಮಾಡಿದರು, ಗಾಳಿಯ ದಿಕ್ಕು ಬದಲಿಸದೆ ವೇಗವಾಗಿ ಸಾಗುವ ಸ್ವಿಫ್ಟ್ ಸೇಲ್ ಅನ್ನುವ ಹಾಯಿಯನ್ನೂ ಕೊಟ್ಟರು. ಒಬ್ಬರು ಗೇಮ್‌ಕ್ಯೂಬ್, ಇನ್ನೊಬ್ಬರು ಎಚ್‌ಡಿ ಇಟ್ಟುಕೊಂಡು ವಾದಕ್ಕೆ ಕೂತರೆ ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರೂ ಜಗಳ ಮುಗಿಯುವುದಿಲ್ಲ.

ಸಾಕ್ಷಿಗೆ ದರ್ಜೆ

ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರ ಗುಡಿ ನೋಡಿದವರಿಗೆ ಇದನ್ನು ಹೇಳಿಕೊಡುವುದು ಸುಲಭ. ಅಲ್ಲಿ ಒಂದು ದೊಡ್ಡ ಹಲ್ಲನ್ನು ಹಿಡಿಂಬನ ಹಲ್ಲು ಎಂದು ತೋರಿಸುತ್ತಾರೆ. ಅಲ್ಲಿ ಅಂಥದೊಂದು ವಸ್ತು ಇರುವುದು ಕಣ್ಣಿಗೆ ಕಾಣುವ ಸಂಗತಿ. ಅದು ಹಿಡಿಂಬನದು ಅನ್ನುವುದು ಐತಿಹ್ಯ. ಇನ್ನು ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನ ಇದೆ. ಅದು ಕಲ್ಲಿನ ಮೇಲೆ ಕೊರೆದ ಮಾತು, ಆದರೂ ಅಕ್ಷರ ಸವೆದಿರುವುದರಿಂದ ಕೆಲವು ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ವಸ್ತು, ಬರಹ, ಬರಹದ ಓದು, ಐತಿಹ್ಯ ಈ ನಾಲ್ಕನ್ನೂ ಬೇರೆಬೇರೆ ಇಟ್ಟುಕೊಳ್ಳುವವರು ಗೇಮ್ ಥಿಯರಿಯಲ್ಲೂ ಎಡವುವುದಿಲ್ಲ.

ಗೇಮ್‌ಗೆ ಇದನ್ನು ಹೀಗೆ ಅನ್ವಯಿಸಿ. ಯಾರು ಆಡಿದರೂ ಮತ್ತೆ ಮತ್ತೆ ಕಾಣುವ ನಡವಳಿಕೆ ಒಂದನೇ ದರ್ಜೆ. ಗೇಮ್‌ನೊಳಗಿನ ಬರಹ, ಅಂದರೆ ಪಾತ್ರಗಳ ಮಾತು, ವಸ್ತುಗಳ ವಿವರಣೆ, ಎರಡನೇ ದರ್ಜೆ. ಪಾತ್ರ ಸುಳ್ಳು ಹೇಳಬಹುದು, ತಿಳಿಯದೆ ಹೇಳಬಹುದು, ಅನುವಾದದಲ್ಲಿ ಮಾತು ಬದಲಾಗಿರಬಹುದು. ಅದೇ ಸರಣಿಯ ಬೇರೆ ಗೇಮ್‌ನಲ್ಲಿ ಸಿಗುವುದು ಮೂರನೆಯದು. ತಯಾರಕರು ಸಂದರ್ಶನದಲ್ಲಿ ಹೇಳಿದ್ದು ನಾಲ್ಕನೆಯದು. ಫೈಲ್‌ಗಳೊಳಗೆ ಬಳಸದೆ ಉಳಿದ ಡೇಟಾ ಐದನೆಯದು. ತಯಾರಕರ ಮಾತನ್ನು ಅಷ್ಟು ಕೆಳಗೆ ಇಟ್ಟದ್ದಕ್ಕೆ ಕೆಲವರಿಗೆ ಸಿಟ್ಟು ಬರುತ್ತದೆ. ಗೇಮ್ ಹೇಗೆ ತಯಾರಾಯಿತು ಅನ್ನುವುದಕ್ಕೆ ಅವರ ಮಾತೇ ಮೊದಲ ಸಾಕ್ಷಿ, ಸರಿ. ಆದರೆ ಕತೆಯೊಳಗೆ ಏನು ನಡೆಯಿತು ಅನ್ನುವುದಕ್ಕೆ ಗೇಮ್‌ನಲ್ಲಿ ಇರುವುದೇ ಮೊದಲ ಸಾಕ್ಷಿ ಅನ್ನುವುದು ನಮ್ಮ ನಿಲುವು.

ಚಂದ್ರನ ಪರೀಕ್ಷೆ: ಚಾರ್ಟ್ ನಕ್ಷೆಯೋ, ಅಪ್ಪಣೆಯೋ

ಮೂರರಲ್ಲಿ ಇದೇ ಹೆಚ್ಚು ರುಚಿಯ ಕೆಲಸ, ಯಾಕೆಂದರೆ ಇಲ್ಲಿ ಯಾರ ಮಾತನ್ನೂ ನಂಬಬೇಕಿಲ್ಲ, ಎಲ್ಲವನ್ನೂ ಆಡಿಯೇ ನೋಡಬಹುದು.

ವಿಂಡ್ ವೇಕರ್‌ನ ಸಮುದ್ರ ಅಡ್ಡ ಏಳು, ಉದ್ದ ಏಳು, ಒಟ್ಟು 49 ಚೌಕ. ದೆವ್ವದ ಹಡಗು ರಾತ್ರಿ ಮಾತ್ರ ಕಾಣುತ್ತದೆ. ಅದು ನಿಲ್ಲುವ ಜಾಗ ಚಂದ್ರನ ಆಕಾರದ ಜೊತೆಗೆ ಬದಲಾಗುತ್ತದೆ. ಯಾವ ಆಕಾರಕ್ಕೆ ಯಾವ ಜಾಗ ಅನ್ನುವುದು ಗೋಸ್ಟ್ ಶಿಪ್ ಚಾರ್ಟ್‌ನಲ್ಲಿದೆ, ಒಟ್ಟು ಏಳು ಆಕಾರ. ಚಾರ್ಟ್ ಇರುವುದು ಡೈಮಂಡ್ ಸ್ಟೆಪ್ ದ್ವೀಪದ ಒಳಗೆ. ಆ ದ್ವೀಪ ಹತ್ತುವುದಕ್ಕೆ ಕೊಕ್ಕೆ ಎಸೆದು ಎಳೆದುಕೊಳ್ಳುವ ಹುಕ್‌ಶಾಟ್ ಬೇಕು, ಹುಕ್‌ಶಾಟ್ ಸಿಗುವುದು ವಿಂಡ್ ಟೆಂಪಲ್‌ನಲ್ಲಿ. ಹಾಗಾಗಿ ಚಾರ್ಟ್ ಕೈಗೆ ಬರುವಷ್ಟರಲ್ಲಿ ಗೇಮ್ ಬಹುಪಾಲು ಮುಗಿದಿರುತ್ತದೆ.

ಮೊದಲ ಕೆಲಸ, ಸೇವ್ ಫೈಲ್‌ಗಳನ್ನು ಬೇರೆ ಮಾಡುವುದು. ಚಾರ್ಟ್ ತೆಗೆಯುವ ಮುಂಚಿನ ಸ್ಥಿತಿಯನ್ನು ಒಂದು ಫೈಲಿನಲ್ಲಿ ಹಾಗೇ ಬಿಡಿ. ಅದರ ನಕಲು ಮಾಡಿಕೊಂಡು ಮುಂದೆ ಆಡಿ ಚಾರ್ಟ್ ತೆಗೆಯಿರಿ, ಅದು ಎರಡನೇ ಫೈಲು. ಹಡಗಿನೊಳಗಿನ ಸಂದೂಕ ತೆರೆದ ಮೇಲಿನದು ಮೂರನೆಯದು. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದೇ ಫೈಲಿನಲ್ಲಿ ಆಡುತ್ತಾ ಹೋಗಿ ಸಂದೂಕ ತೆರೆದ ಮೇಲೆ ‘ಚಾರ್ಟ್ ಇಲ್ಲದಾಗ ಏನಾಗುತ್ತಿತ್ತು?’ ಎಂದು ಯೋಚಿಸಿದರೆ ಪರೀಕ್ಷೆ ಮಾಡಲು ದಾರಿಯೇ ಉಳಿದಿರುವುದಿಲ್ಲ.

ಎರಡನೇ ಫೈಲಿನಲ್ಲಿ ಚಾರ್ಟ್ ತೆರೆದು ಅದರ ಫೋಟೊ ಹೊಡೆದುಕೊಳ್ಳಿ. ಆಮೇಲೆ ಒಂದನೇ ಫೈಲಿಗೆ ಮರಳಿ. ಈಗ ಹಡಗು ಎಲ್ಲಿದೆ ಅನ್ನುವುದು ನಿಮಗೆ ಗೊತ್ತು, ಲಿಂಕ್‌ನ ಚೀಲದಲ್ಲಿ ಮಾತ್ರ ಚಾರ್ಟ್ ಇಲ್ಲ. ಇಡೀ ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಚಾರ್ಟ್ ಬರೀ ನಕ್ಷೆಯಾಗಿದ್ದರೆ ಜಾಗ ಗೊತ್ತಿರುವ ಆಟಗಾರನಿಗೆ ಅದಿಲ್ಲದೆಯೂ ಹಡಗು ಹತ್ತಲು ಆಗಬೇಕು. ಅಪ್ಪಣೆಚೀಟಿಯಾಗಿದ್ದರೆ ಆಗಬಾರದು. ಹೊರಡುವ ಮುಂಚೆಯೇ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ.

ರಾತ್ರಿ ಬರುವವರೆಗೆ ಕಾಯಬೇಕಿಲ್ಲ. ವಿಂಡ್‌ಫಾಲ್ ದ್ವೀಪದಲ್ಲಿ ಕುಣಿಯುತ್ತಾ ನಿಂತಿರುವ ಟಾಟ್ ಎಂಬ ಪಾತ್ರದಿಂದ ಸಾಂಗ್ ಆಫ್ ಪಾಸಿಂಗ್ ಕಲಿಯಬಹುದು. ನುಡಿಸಲು ಸ್ಟಿಕ್ಕನ್ನು ಮೂರು ತಾಳದಲ್ಲಿ ಬಲ, ಎಡ, ಕೆಳಗೆ ಸರಿಸಬೇಕು. ಒಮ್ಮೆ ನುಡಿಸಿದರೆ ಹಗಲು ರಾತ್ರಿಯಾಗುತ್ತದೆ, ಮತ್ತೊಮ್ಮೆ ನುಡಿಸಿದರೆ ರಾತ್ರಿ ಹಗಲಾಗುತ್ತದೆ. ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ ಹೋಗಲು ಎರಡು ಸಲ ನುಡಿಸಬೇಕು. ಹೀಗೆ ಹೋಗುವಾಗ ಪ್ರತಿ ರಾತ್ರಿಯೂ ಆಕಾಶ ನೋಡಿ ಚಂದ್ರನ ಆಕಾರ ಬರೆದುಕೊಳ್ಳಿ, ಅಂದಾಜಿನ ಮೇಲೆ ಎಣಿಸುತ್ತಾ ಹೋಗಬೇಡಿ. ಆಕಾರ ಸರಿಯಾಗಿ ತಿಳಿಯದಿದ್ದರೆ ಟೆಲಿಸ್ಕೋಪ್ ತೆಗೆದು ನೋಡಿ.

ಚಂದ್ರನನ್ನು ಗುರುತಿಸುವಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ದಾವಣಗೆರೆ ಭೂಮಧ್ಯರೇಖೆಗೆ ಹತ್ತಿರ, ಸುಮಾರು 14 ಡಿಗ್ರಿ ಉತ್ತರ. ನಮಗೆ ಬಿದಿಗೆಯ ಚಂದ್ರ ಬಟ್ಟಲಿನ ಹಾಗೆ ಅಂಗಾತ ಮಲಗಿ ಕಾಣುವುದೇ ಹೆಚ್ಚು. ಚಾರ್ಟಿನ ಚಿತ್ರಗಳಲ್ಲಿ ಅದು ನೆಟ್ಟಗೆ ನಿಂತಿರುತ್ತದೆ. ಶುಕ್ಲಪಕ್ಷವೋ ಕೃಷ್ಣಪಕ್ಷವೋ ಎಂದು ನೆನಪಿನಿಂದ ತೀರ್ಮಾನಿಸಿದರೆ ಆ ಪಕ್ಷದ ಹಡಗಿನ ಜಾಗಕ್ಕೆ ಈ ಪಕ್ಷದಲ್ಲಿ ಹೋಗಿ ಕಾಯುತ್ತಾ ಕೂರುತ್ತೀರಿ. ಬೆಳಗಿದ ಭಾಗ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಸಣ್ಣ ಚಿತ್ರ ಬರೆದು ಚಾರ್ಟಿನ ಫೋಟೊ ಪಕ್ಕ ಇಟ್ಟು ನೋಡಿ. ‘ಹಡಗು ಬರಲೇ ಇಲ್ಲ, ಚಾರ್ಟೇ ತಪ್ಪು’ ಅನ್ನುವ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಎಡಬಲ. ಅದು ಸರಿಯಿದ್ದರೆ ಬೆಳಗಾಗುವ ಹೊತ್ತಿಗೆ ಬಂದು ಮುಟ್ಟಿದಿರೋ ನೋಡಿ. ದೂರದ ಚೌಕದಿಂದ ಹೊರಟರೆ ದಾರಿಯಲ್ಲೇ ರಾತ್ರಿ ಮುಗಿದುಹೋಗುತ್ತದೆ. ಮೊದಲು ದ್ವೀಪದ ಹತ್ತಿರ ಹೋಗಿ, ಹಾಯಿ ಇಳಿಸಿ, ಆಮೇಲೆ ಹಾಡು ನುಡಿಸಿ.

ಎಷ್ಟು ಸಲ ನೋಡಬೇಕು? ‘ಪ್ರತಿ ಆಕಾರಕ್ಕೂ ಒಂದೇ ಜಾಗ’ ಎಂದು ಗಟ್ಟಿಯಾಗಿ ಹೇಳಬೇಕಾದರೆ ಏಳು ಆಕಾರ, ಏಳು ಜಾಗ, 49 ಸಲ ನೋಡಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ 14 ಸಲವಾದರೂ ಆಗಬೇಕು: ಏಳು ಸಲ ಚಾರ್ಟ್ ಹೇಳಿದ ಜಾಗದಲ್ಲಿ, ಏಳು ಸಲ ಬೇಕೆಂದೇ ತಪ್ಪು ಜಾಗದಲ್ಲಿ. ಈ ಎರಡನೇ ಏಳನ್ನು ಯಾರೂ ಮಾಡುವುದಿಲ್ಲ. ಹಡಗು ಕಂಡ ಸಾಲುಗಳಷ್ಟೇ ಪುಸ್ತಕದಲ್ಲಿದ್ದರೆ ಅದು ಬೇರೆ ಕಡೆಯೂ ಕಾಣುತ್ತಿತ್ತೋ ಇಲ್ಲವೋ ಹೇಳಲು ಬರುವುದಿಲ್ಲ. ಕಾಣದೇ ಇದ್ದದ್ದೂ ಒಂದು ಸಾಲು.

ಈಗ ಫಲಿತಾಂಶ. ಚಾರ್ಟ್ ಇಲ್ಲದೆ ಸರಿಯಾದ ರಾತ್ರಿ ಸರಿಯಾದ ಜಾಗಕ್ಕೆ ಹೋದರೆ ಹಡಗು ದೂರದಿಂದ ಕಾಣುತ್ತದೆ, ಒಳಗೆ ಮಾತ್ರ ಸೇರಿಸುವುದಿಲ್ಲ. ಚಾರ್ಟ್ ಇದ್ದರೆ ಒಳಗೆ ಹೋಗುತ್ತೀರಿ, ಪೋ, ರೀಡೆಡ್, ಸ್ಟಾಲ್ಫಾಸ್ ಎಂಬ ಶತ್ರುಗಳ ಜೊತೆ ಹೊಡೆದಾಡಿದ ಮೇಲೆ ಸಂದೂಕ ಸಿಗುತ್ತದೆ. ಗೇಮ್‌ಕ್ಯೂಬ್ ಆವೃತ್ತಿಯಲ್ಲಿ ಅದರೊಳಗೆ ಟ್ರೈಫೋರ್ಸ್ ಚೂರಿನ ಜಾಗ ತೋರಿಸುವ ಒಂದು ಟ್ರೈಫೋರ್ಸ್ ಚಾರ್ಟ್ ಇರುತ್ತದೆ. ತೆರೆದ ಕೂಡಲೇ ಹಡಗು ಇಲ್ಲವಾಗಿ ಲಿಂಕ್ ತನ್ನ ದೋಣಿಗೆ ಮರಳಿರುತ್ತಾನೆ. ಹಾಗಾದರೆ ‘ಬರೀ ನಕ್ಷೆ’ ಅನ್ನುವ ಥಿಯರಿ ಬಿತ್ತು. ಹಡಗನ್ನು ಕಾಣಿಸುವ ಕೆಲಸ ಚಾರ್ಟಿನದಲ್ಲ, ಒಳಗೆ ಬಿಡುವ ಕೆಲಸ ಅದರದು.

ಇಲ್ಲಿ ಒಂದು ಹೆಜ್ಜೆ ನಿಧಾನ ಮಾಡಿ. ‘ಚಾರ್ಟ್ ಅಪ್ಪಣೆಯ ಹಾಗೆ ಕೆಲಸ ಮಾಡುತ್ತದೆ’ ಅನ್ನುವುದು ಒಂದನೇ ದರ್ಜೆಯ ಮಾತು. ‘ಸತ್ತ ನಾವಿಕರು ಅಪ್ಪಣೆ ಕೊಡುತ್ತಾರೆ’ ಅನ್ನುವುದಕ್ಕೆ ಯಾವ ದರ್ಜೆಯೂ ಇಲ್ಲ, ಪರೀಕ್ಷೆಯಲ್ಲಿ ಅದು ಎಲ್ಲೂ ಕಾಣಲಿಲ್ಲ. ಇನ್ನೊಂದು ಸರಳ ಕಾರಣವನ್ನೂ ಪಕ್ಕದಲ್ಲಿ ಬರೆಯಿರಿ: ಆಟಗಾರ ಕತೆಯ ಅರ್ಧಕ್ಕೇ ಟ್ರೈಫೋರ್ಸ್ ಚಾರ್ಟ್ ಹೊಡೆದುಕೊಳ್ಳದ ಹಾಗೆ ತಯಾರಕರು ಬಾಗಿಲಿಗೆ ಬೀಗ ಹಾಕಿರಬಹುದು. ಎರಡೂ ಒಟ್ಟಿಗೆ ನಿಜವಾಗಿರಬಹುದು. ತಯಾರಿಕೆಯ ಕಾರಣ ಇದೆ ಎಂದ ಮಾತ್ರಕ್ಕೆ ಕತೆಯ ಕಾರಣ ಸತ್ತುಹೋಗುವುದಿಲ್ಲ, ಆದರೆ ಅದನ್ನು ಮುಚ್ಚಿಟ್ಟು ಥಿಯರಿ ಬರೆಯುವುದು ಸರಿಯಲ್ಲ.

ಏಳರ ಮೋಹದ ಬಗ್ಗೆಯೂ ಒಂದು ಮಾತು. ಏಳು ಆಕಾರ, ಏಳು ಜಾಗ, ಏಳೇಳು ಚೌಕ ಎಂದು ಕೇಳಿದ ಕೂಡಲೇ ಏಳುಸುತ್ತಿನ ಕೋಟೆಯ ಊರಿನವರಿಗೆ ಮೈ ನವಿರೇಳುವುದು ಸಹಜ. ಆದರೆ ಏಳು ಜಾಗ ಇರುವುದು ಏಳು ಆಕಾರ ಇರುವುದರಿಂದಲೇ. ಅವೆರಡನ್ನು ಬೇರೆಬೇರೆ ಸಾಕ್ಷಿ ಎಂದು ಎಣಿಸುವಂತಿಲ್ಲ. ಒಂದು ಸಂಖ್ಯೆ ಇನ್ನೊಂದರಿಂದ ಹುಟ್ಟಿದ್ದರೆ ಅದನ್ನು ಹೊಡೆದುಹಾಕಿ. ಉಳಿದದ್ದು ಒಂದೇ ಹೋಲಿಕೆಯಾದರೆ ಅದರ ಮೇಲೆ ಏನನ್ನೂ ಕಟ್ಟಬೇಡಿ.

ಹತ್ತು ನಿಮಿಷದ ಪ್ರಶ್ನೆ: ಕನಸೋ, ಬೇರೆ ಲೋಕವೋ

ಫ್ಯಾಂಟಮ್ ಅವರ್‌ಗ್ಲಾಸ್ 2007ರಲ್ಲಿ ನಿಂಟೆಂಡೊ ಡಿಎಸ್‌ಗೆ ಬಂತು. ಕತೆ ವಿಂಡ್ ವೇಕರ್ ಮುಗಿದ ಮೇಲಿನದು. ಲಿಂಕ್‌ನ ಜೊತೆಗಾತಿ, ಕಡಲ್ಗಳ್ಳರ ನಾಯಕಿ ಟೆಟ್ರಾ ದೆವ್ವದ ಹಡಗಿಗೆ ಜಿಗಿಯುತ್ತಾಳೆ, ಚೀರು ಕೇಳುತ್ತದೆ, ಬೆನ್ನುಹತ್ತಿದ ಲಿಂಕ್ ಸಮುದ್ರಕ್ಕೆ ಬಿದ್ದು ಮರ್ಕೇ ದ್ವೀಪದ ದಡದಲ್ಲಿ ಕಣ್ಣು ಬಿಡುತ್ತಾನೆ. ಮುಂದೆ ಲೈನ್‌ಬೆಕ್ ಎಂಬ ಕ್ಯಾಪ್ಟನ್ ಸಿಗುತ್ತಾನೆ, ಶಕ್ತಿ, ಜ್ಞಾನ, ಧೈರ್ಯದ ಮೂರು ಚೈತನ್ಯಗಳು ಜೊತೆಯಾಗುತ್ತವೆ, ಹಡಗಿನೊಳಗೆ ಹುಡುಗಿಯರ ವೇಷದಲ್ಲಿದ್ದ ನಾಲ್ವರು ಕ್ಯೂಬಸ್ ಸೋದರಿಯರ ಜೊತೆ ಕಾದಾಟವಾಗುತ್ತದೆ, ಕಲ್ಲಾಗಿದ್ದ ಟೆಟ್ರಾ ಸಿಗುತ್ತಾಳೆ, ಎಲ್ಲದರ ಹಿಂದೆ ಬೆಲ್ಲಮ್ ಎಂಬ ರಾಕ್ಷಸ ಜೀವಿ ಇದೆ ಎಂದು ತಿಳಿಯುತ್ತದೆ. ಕೊನೆಯಲ್ಲಿ ಇಬ್ಬರೂ ತಮ್ಮ ಹಡಗಿಗೆ ಮರಳಿದಾಗ ಸಂಗಡಿಗರು, ನೀವು ಕಾಣದೇ ಹೋದದ್ದು ಹತ್ತೇ ನಿಮಿಷ ಅನ್ನುತ್ತಾರೆ.

ಈ ಹತ್ತು ನಿಮಿಷದ ಮೇಲೆಯೇ ಕನಸಿನ ಥಿಯರಿ ನಿಂತಿದೆ. ಲಿಂಕ್ ಕಣ್ಣು ಬಿಟ್ಟ ಲೋಕಕ್ಕೆ ಸಮುದ್ರರಾಜನ ಲೋಕ ಎಂದು ಹೆಸರು. ಥಿಯರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ‘ಸಮುದ್ರರಾಜನ ಲೋಕದಲ್ಲಿ ನಡೆದದ್ದೆಲ್ಲ ಲಿಂಕ್‌ನ ಕನಸು.’ ಸುಳ್ಳಾಗಿದ್ದರೆ ಏನು ಕಾಣಬೇಕು? ಆ ಲೋಕದ ವಸ್ತು ಅಥವಾ ಮನುಷ್ಯ ಎಚ್ಚರವಾದ ಮೇಲೂ ಉಳಿದಿರಬೇಕು. ಈಗ ಕೊನೆಯ ದೃಶ್ಯವನ್ನು ಮತ್ತೆ ಹಾಕಿ ನೋಡಿ. ಲಿಂಕ್‌ನ ಕೈಯಲ್ಲಿ ಆ ಲೋಕದಲ್ಲಿ ಸಿಕ್ಕ ಮರಳುಗಡಿಯಾರ ಇದೆ. ಕಣ್ಣೆತ್ತಿ ನೋಡಿದರೆ ದೂರದಲ್ಲಿ ಲೈನ್‌ಬೆಕ್‌ನ ಹಡಗು ಹೋಗುತ್ತಿದೆ. ವಸ್ತುವೂ ಉಳಿಯಿತು, ಹಡಗೂ ಉಳಿಯಿತು.

ಇದಾದ ಮೇಲೆ ಮೂರನೇ ದರ್ಜೆಯ ಸಾಕ್ಷಿ. 2009ರ ಸ್ಪಿರಿಟ್ ಟ್ರ್ಯಾಕ್ಸ್ ಸುಮಾರು ನೂರು ವರ್ಷ ಮುಂದಿನ ಕತೆ. ಅಲ್ಲಿ ಅಂಗಡಿ ಇಟ್ಟುಕೊಂಡಿರುವ ಮೂರನೇ ಲೈನ್‌ಬೆಕ್ ಇದ್ದಾನೆ, ಹಳೆಯ ಲೈನ್‌ಬೆಕ್‌ನ ಮೊಮ್ಮಗ. ಟೆಟ್ರಾಳ ಸಂಗಡಿಗನಾಗಿದ್ದ ನಿಕೊ ಮುದುಕನಾಗಿ ಅಲ್ಲೇ ಇದ್ದಾನೆ. ಕನಸಿನ ಮನುಷ್ಯನಿಗೆ ಮೊಮ್ಮಗ ಹುಟ್ಟುವುದಿಲ್ಲ.

ಕನಸಿನ ಥಿಯರಿ ಹಿಡಿದವರು ಇಲ್ಲಿ ತೇಪೆ ಹಾಕಲು ಶುರುಮಾಡುತ್ತಾರೆ. ಮರಳುಗಡಿಯಾರ ಮೊದಲೇ ಲಿಂಕ್‌ನ ಹತ್ತಿರ ಇತ್ತು ಅನ್ನುವುದು ಒಂದು ತೇಪೆ. ಲೈನ್‌ಬೆಕ್ ಎಂಬ ನಿಜವಾದ ಮನುಷ್ಯನನ್ನು ಲಿಂಕ್ ಮುಂಚೆಯೇ ನೋಡಿದ್ದ, ಅವನನ್ನೇ ಕನಸಿನಲ್ಲಿ ಕಂಡ ಅನ್ನುವುದು ಇನ್ನೊಂದು. ಪ್ರತಿ ತೇಪೆಗೂ ಅದೇ ಪ್ರಶ್ನೆ ಕೇಳಿ: ಇದನ್ನು ಯಾವ ದೃಶ್ಯದಲ್ಲಿ ತೋರಿಸಿದ್ದಾರೆ? ಎರಡು ತೇಪೆಗೂ ದೃಶ್ಯ ಸಿಗದಿದ್ದರೆ ಥಿಯರಿಯನ್ನು ಕೈಬಿಡಿ. ಮೂರನೇ ತೇಪೆಯವರೆಗೆ ಕಾಯಬೇಡಿ, ತೇಪೆ ಹಾಕುತ್ತಾ ಹೋದರೆ ಯಾವ ಮಾತನ್ನಾದರೂ ಉಳಿಸಿಕೊಳ್ಳಬಹುದು.

ಬೇರೆ ಲೋಕ, ಅಲ್ಲಿ ಕಾಲದ ಓಟವೂ ಬೇರೆ ಅನ್ನುವ ಥಿಯರಿಗೆ ಹತ್ತು ನಿಮಿಷ, ಗಡಿಯಾರ, ಲೈನ್‌ಬೆಕ್ ಮೂರೂ ಹೊಂದುತ್ತವೆ, ತೇಪೆ ಬೇಕಾಗುವುದಿಲ್ಲ. ಎರಡು ಲೋಕಗಳ ನಡುವೆ ದಾರಿ ಹೇಗೆ ತೆರೆಯುತ್ತದೆ ಅನ್ನುವುದನ್ನು ಮಾತ್ರ ಗೇಮ್ ಬಿಡಿಸಿ ಹೇಳುವುದಿಲ್ಲ. ಆ ಜಾಗವನ್ನು ಖಾಲಿ ಬಿಡಿ. ಖಾಲಿ ಜಾಗವಿದೆ ಎಂದು ಒಪ್ಪಿಕೊಂಡ ಥಿಯರಿ ವಾದದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಡಿಎಸ್‌ನಲ್ಲಿ ಆಡುವವರಿಗೆ ಒಂದು ಅನುಕೂಲ. ಸಮುದ್ರದ ನಕ್ಷೆಯ ಮೇಲೆ ಸ್ಟೈಲಸ್‌ನಿಂದ ಬರೆದುಕೊಳ್ಳಬಹುದು. ಆದರೆ ಒಗಟು ಬಿಡಿಸಲು ಬರೆದುಕೊಂಡದ್ದರ ಮೇಲೆ ಥಿಯರಿಯ ಟಿಪ್ಪಣಿ ಗೀಚಬೇಡಿ, ಆಮೇಲೆ ಎರಡನ್ನೂ ಬಿಡಿಸಿ ಓದಲು ಆಗುವುದಿಲ್ಲ.

ಎರಡೂ ಒಂದೇ ಹಡಗೋ

ಇದಕ್ಕೆ ಹೆಚ್ಚು ಹೊತ್ತು ಬೇಡ. ಪುಟದ ನಡುವೆ ಗೆರೆ ಎಳೆದು ಒಂದೊಂದು ಕಡೆ ಒಂದೊಂದು ಹಡಗಿನ ನಡವಳಿಕೆ ಬರೆಯಿರಿ. ವಿಂಡ್ ವೇಕರ್‌ನದು ಚಂದ್ರನ ಲೆಕ್ಕಕ್ಕೆ ಓಡಾಡುತ್ತದೆ, ಚಾರ್ಟ್ ಕೇಳುತ್ತದೆ, ಸಂದೂಕ ತೆರೆದ ಮೇಲೆ ಇಲ್ಲವಾಗುತ್ತದೆ, ಯಾರನ್ನೂ ಅಪಹರಿಸುವುದಿಲ್ಲ. ಫ್ಯಾಂಟಮ್ ಅವರ್‌ಗ್ಲಾಸ್‌ನದಕ್ಕೆ ಚಂದ್ರನ ಲೆಕ್ಕವಿಲ್ಲ, ಮೂರು ಚೈತನ್ಯಗಳ ನೆರವಿಲ್ಲದೆ ಸಿಗುವುದಿಲ್ಲ, ಜನರನ್ನು ಸೆಳೆದು ಅವರ ಜೀವಶಕ್ತಿ ಹೀರುತ್ತದೆ. ಬೆಲ್ಲಮ್‌ನ ಹೆಸರು ವಿಂಡ್ ವೇಕರ್‌ನಲ್ಲಿ ಎಲ್ಲೂ ಬರುವುದಿಲ್ಲ. ಹೊಂದುವುದು ಎರಡೇ: ಒಂದೇ ಕಾಲದ ಅದೇ ಜನ, ಎರಡಕ್ಕೂ ಒಂದೇ ಹೆಸರು. ತೀರ್ಪಿನಲ್ಲಿ ‘ಸಿದ್ಧವಾಗಿಲ್ಲ’ ಎಂದು ಬರೆಯಿರಿ. ‘ಸುಳ್ಳು’ ಎಂದು ಬರೆಯುವಷ್ಟು ಸಾಕ್ಷಿಯೂ ಇಲ್ಲಿಲ್ಲ.

ಕತ್ತರಿಸಿ ಬಿಟ್ಟದ್ದು, ಆಮೇಲೆ ಸೇರಿಕೊಂಡದ್ದು

ವಿಂಡ್ ವೇಕರ್ ನಿರ್ದೇಶಿಸಿದ ಐಜಿ ಅಒನುಮಾ ಅವರು ಗೇಮ್‌ಗೆ ಯೋಚಿಸಿದ್ದ ಕೆಲವು ಡಂಜನ್‌ಗಳನ್ನು (ಒಗಟು, ಶತ್ರುಗಳಿಂದ ತುಂಬಿದ ಒಳಾಂಗಣಗಳನ್ನು) ಕೈಬಿಟ್ಟದ್ದಾಗಿ ಒಪ್ಪಿಕೊಂಡಿದ್ದಾರೆ. ಅದು ತಿಳಿದಾಗಿನಿಂದ ಏನಾದರೂ ಅರ್ಧಂಬರ್ಧ ಕಂಡರೆ ಸಾಕು, ‘ಅದು ಕತ್ತರಿಸಿದ ಡಂಜನ್’ ಎಂದು ಹೇಳುವುದು ಅಭ್ಯಾಸವಾಗಿದೆ. ಹಡಗಿನ ಒಳಭಾಗ ಚಿಕ್ಕದು, ಆದ್ದರಿಂದ ಅದು ಮೊಟಕಾದ ಡಂಜನ್ ಅನ್ನುವ ವಾದವೂ ಇದೆ. ಡಂಜನ್‌ಗಳನ್ನು ಕೈಬಿಟ್ಟದ್ದು ನಿಜ. ಅದರಿಂದ ಈ ಹಡಗೂ ಅವುಗಳಲ್ಲೊಂದು ಎಂದು ಆಗುವುದಿಲ್ಲ, ಅದಕ್ಕೆ ಹಡಗನ್ನೇ ಹೆಸರಿಸಿದ ಮಾತು ಬೇಕು. ಫೈಲ್‌ಗಳಲ್ಲಿ ಬಳಸದ ಚಿತ್ರವೋ ಧ್ವನಿಯೋ ಸಿಕ್ಕರೂ ಯಾರೋ ಒಬ್ಬರು ಅದನ್ನು ಮಾಡಿದ್ದರು ಎಂದಷ್ಟೇ ಅರ್ಥ.

ಕತ್ತರಿಸಿದ್ದಕ್ಕಿಂತ ಹೆಚ್ಚು ಕಾಟ ಕೊಡುವುದು ಆಮೇಲೆ ಸೇರಿಕೊಂಡದ್ದು. ಇದಕ್ಕೆ ನಿಜವಾದ ಸಮುದ್ರದ ಉದಾಹರಣೆಯೇ ಇದೆ. ಮೇರಿ ಸೆಲೆಸ್ಟ್ ಎಂಬ ಹಡಗು 1872ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ 1,701 ಪೀಪಾಯಿ ಆಲ್ಕೋಹಾಲ್ ಹೊತ್ತು ಹೊರಟಿತು. ಡಿಸೆಂಬರ್‌ನಲ್ಲಿ ಅಝೋರ್ಸ್ ಮತ್ತು ಪೋರ್ಚುಗಲ್ ನಡುವೆ ಡೀ ಗ್ರಾಷಿಯಾ ಎಂಬ ಹಡಗಿನವರಿಗೆ ಅದು ಸಿಕ್ಕಾಗ ಒಳಗೆ ಯಾರೂ ಇರಲಿಲ್ಲ. ಕ್ಯಾಪ್ಟನ್, ಅವರ ಹೆಂಡತಿ, ಪುಟ್ಟ ಮಗಳು, ಏಳು ಮಂದಿ ನಾವಿಕರು, ಹತ್ತೂ ಜನರ ಪತ್ತೆಯಾಗಲಿಲ್ಲ. ಮೇಜಿನ ಮೇಲೆ ಬಿಸಿ ಚಹಾ ಹಾಗೇ ಇತ್ತು ಅನ್ನುವುದನ್ನು ಈಗಲೂ ಹೇಳುತ್ತಾರೆ. ಅದು ದಾಖಲೆಯಲ್ಲಿಲ್ಲ, ಮುಂದೆ ಬಂದ ಕಟ್ಟುಕತೆಗಳಿಂದ ಸೇರಿಕೊಂಡದ್ದು. ಗೇಮ್‌ನ ಹಡಗಿಗೂ ಇಂಥ ಬಿಸಿ ಚಹಾಗಳು ಸೇರಿಕೊಂಡಿರುತ್ತವೆ. ವಿಡಿಯೊದಲ್ಲಿ ಯಾರೋ ಹೇಳಿದರು, ನೀವು ಸ್ಕ್ರೀನಲ್ಲಿ ನೋಡಿದ ಹಾಗೇ ನೆನಪಿದೆ ಅನ್ನಿಸಿದರೆ ಆ ದೃಶ್ಯವನ್ನು ಮತ್ತೆ ತೆರೆದು ನೋಡುವವರೆಗೆ ಪುಸ್ತಕಕ್ಕೆ ಇಳಿಸಬೇಡಿ.

ಇದೇ ಕ್ರಮ ಬೇರೆ ಗೇಮ್‌ಗಳಲ್ಲಿ

ಡ್ರ್ಯಾಗನ್ ಕ್ವೆಸ್ಟ್ 3 ಮೊದಲು ಬಂದದ್ದು 1988ರಲ್ಲಿ, ಹೊಸ ರೂಪದಲ್ಲಿ 2024ರ ನವೆಂಬರ್‌ನಲ್ಲಿ ಪಿಸಿ ಸೇರಿದಂತೆ ಹಲವು ಕಡೆ ಬಂತು. ಅಲ್ಲಿ ನಾವಿಕನ ತೊಡೆಮೂಳೆ ದೆವ್ವದ ಹಡಗಿನ ದಿಕ್ಕು ತೋರಿಸುತ್ತದೆ, ಹಡಗಿನೊಳಗೆ ಎರಿಕ್ ಮತ್ತು ಒಲಿವಿಯಾ ಅನ್ನುವ ಪ್ರೇಮಿಗಳ ಕತೆಯ ಕೊಂಡಿ ಸಿಗುತ್ತದೆ. ಗೇಮ್ ಆ ಕತೆಯನ್ನು ತಾನೇ ಹೇಳಿಬಿಡುವುದರಿಂದ ಥಿಯರಿಗೆ ಜಾಗ ಕಡಿಮೆ. ಹಳೆಯ ಮತ್ತು ಹೊಸ ಆವೃತ್ತಿಯ ವ್ಯತ್ಯಾಸ ಪಟ್ಟಿ ಮಾಡುವುದು ಅಲ್ಲಿ ಒಳ್ಳೆಯ ಕೆಲಸ.

ಎಲ್ಡನ್ ರಿಂಗ್‌ನಲ್ಲಿ ಹಡಗಲ್ಲ, ದೋಣಿ. ಟಿಬಿಯಾ ಮ್ಯಾರಿನರ್ ಎಂಬ ಅಸ್ಥಿಪಂಜರ ದೋಣಿಯಲ್ಲಿ ಕೂತು ಕಹಳೆ ಊದಿ ಸತ್ತವರನ್ನು ಎಬ್ಬಿಸುತ್ತದೆ. ಅದನ್ನು ಸೋಲಿಸಿದರೆ ಡೆತ್‌ರೂಟ್ ಸಿಗುತ್ತದೆ. ಡೆತ್‌ರೂಟ್‌ನ ವಿವರಣೆ, ಮ್ಯಾರಿನರ್ ಸಿಗುವ ಜಾಗ, ಸುತ್ತಲಿನ ಶತ್ರುಗಳು, ಈ ಮೂರನ್ನೂ ಒಟ್ಟಿಗೆ ಓದಬೇಕು, ಬರೀ ವಿವರಣೆ ಸಾಲದು. ಪ್ಯಾಚ್, ಅಂದರೆ ಬಿಡುಗಡೆಯಾದ ಮೇಲೆ ಬರುವ ತಿದ್ದುಪಡಿ, ಅದರ ನಂಬರನ್ನೂ ಬರೆಯಬೇಕು. 2022ರ 1.03 ಪ್ಯಾಚ್‌ನಲ್ಲಿ ಕೆಲವು ಪಾತ್ರಗಳ ಕತೆಗೆ ಹೊಸ ಭಾಗಗಳನ್ನೇ ಸೇರಿಸಿದ್ದರು, ಅದಕ್ಕೆ ಮುಂಚಿನ ‘ಈ ಪಾತ್ರಕ್ಕೆ ಅಂತ್ಯವೇ ಇಲ್ಲ’ ಅನ್ನುವ ಥಿಯರಿಗಳು ಅಲ್ಲಿಗೆ ಮುಗಿದವು. ವಿಚರ್ 3ರ ನಾಗ್ಲ್‌ಫಾರ್ ಬಗ್ಗೆ ಒಂದೇ ಮಾತು: ಆ ಹೆಸರು ಸತ್ತವರ ಉಗುರಿನಿಂದ ಕಟ್ಟಿದ ಹಡಗಿನ ನಾರ್ಸ್ ಪುರಾಣದಿಂದ ಬಂದದ್ದು, ಗೇಮ್‌ನಲ್ಲಿ ಅದರ ಮೇಲೆ ಬರುವವರು ಬೇರೆ ಲೋಕದ ಎಲ್ಫ್‌ಗಳು. ಹೆಸರು ತಂದರು ಎಂದು ಇಡೀ ಪುರಾಣವನ್ನೇ ತಂದರು ಎಂದುಕೊಳ್ಳಬೇಡಿ.

ವಾದಕ್ಕೆ ಕೂತಾಗ

ಥಿಯರಿ ತಂದವರು ಮೊದಲು ಅದನ್ನು ಒಂದೇ ವಾಕ್ಯದಲ್ಲಿ ಓದಲಿ, ಆಮೇಲೆ ಸುಳ್ಳಾದರೆ ಏನು ಕಾಣಬೇಕು ಅನ್ನುವ ವಾಕ್ಯ, ಆಮೇಲೆ ಫೋಟೊಗಳು. ಎದುರಾಳಿಯ ಕೆಲಸ ಬೇರೆ ಥಿಯರಿ ಹೇಳುವುದಲ್ಲ, ಸಾಲು ನಂಬರು ಹಿಡಿದು ಕೇಳುವುದು. ಥಿಯರಿ ತಂದ ತಮ್ಮ, ಎದುರಾಳಿ ಅಣ್ಣ ಇವರ ಮಾತು ಹೀಗೆ ಸಾಗಿದರೆ ದಾರಿಯಲ್ಲಿದ್ದೀರಿ:

‘ಹಡಗು ಲಿಂಕ್‌ನ ಪರೀಕ್ಷೆ ಮಾಡ್ತೈತಣ್ಣ, ಯೋಗ್ಯತೆ ಇದ್ರಷ್ಟೇ ಒಳಗೆ ಬಿಡ್ತೈತಿ.’

‘ಯೋಗ್ಯತೆ ಅಂತ ಯಾವ ಸಾಲಿನಾಗೆ ಬರ್ದೀಯಪ್ಪ?’

‘ಚಾರ್ಟ್ ಇಲ್ದಾಗ ಮಾಯ ಆತಲ್ಲ, ಒಂಬತ್ತನೇ ಸಾಲು.’

‘ಅದು ಚಾರ್ಟ್ ಐತೋ ಇಲ್ಲೋ ಅನ್ನೋದಾತು. ಚಾರ್ಟ್ ಇದ್ದೂ ಯೋಗ್ಯತೆ ಇಲ್ದಿರೋ ಲಿಂಕ್‌ನ ಹೆಂಗ್ ತೋರಿಸ್ತೀಯ?’

ಇಲ್ಲಿ ಆ ತಮ್ಮ ಒಂದು ದಾರಿ ಹುಡುಕಬಹುದು: ಎರಡನೇ ಫೈಲಿನಲ್ಲಿ ಜೀವ ಕಾಲು ಹೃದಯಕ್ಕೆ ಇಳಿಸಿಕೊಂಡು ಹೋಗಿ ನೋಡುವುದು, ಗೇಮ್‌ನೊಳಗಿನ ಹಣ ಪೂರ್ತಿ ಖರ್ಚು ಮಾಡಿಕೊಂಡು ಹೋಗಿ ನೋಡುವುದು. ಆಗಲೂ ಹಡಗು ಒಳಗೆ ಬಿಟ್ಟರೆ ಆ ಅರ್ಥದ ಯೋಗ್ಯತೆ ಬಿತ್ತು. ಅಣ್ಣ ಕೇಳಿದ ಪ್ರಶ್ನೆಯಿಂದ ಹೊಸ ಪರೀಕ್ಷೆ ಹುಟ್ಟಿತು, ಕೂತದ್ದು ಸಾರ್ಥಕ. ದನಿ ಏರತೊಡಗಿದರೆ ವಾದ ನಿಲ್ಲಿಸಿ ಕಂಟ್ರೋಲರ್ ಕೈಗೆ ತೆಗೆದುಕೊಳ್ಳಿ, ಪ್ರಶ್ನೆಯ ಅರ್ಧ ಭಾಗ ಆಡಿದಾಗಲೇ ತೀರುತ್ತದೆ.

ಬರೆದು ಹಂಚುವಾಗ ಮೊದಲ ಸಾಲಿನಲ್ಲೇ ಯಾವ ಗೇಮ್, ಯಾವ ಆವೃತ್ತಿ, ಕತೆ ಎಲ್ಲಿಯವರೆಗೆ ಬಯಲಾಗುತ್ತದೆ ಎಂದು ಹಾಕಿ. ಪ್ರತಿ ಹೇಳಿಕೆಯ ಮುಂದೆ ದರ್ಜೆಯ ಅಂಕಿ ಇರಲಿ. ಬಿದ್ದುಹೋದ ಥಿಯರಿಯನ್ನು ಅಳಿಸಬೇಡಿ, ಯಾವ ಸಾಲಿನಿಂದ ಬಿತ್ತು ಎಂದು ಬರೆದು ಹಾಗೇ ಬಿಡಿ, ಇಲ್ಲದಿದ್ದರೆ ಮುಂದೆ ಬರುವ ಹುಡುಗರು ಅದನ್ನೇ ಹೊಸದೆಂದು ಮತ್ತೆ ತರುತ್ತಾರೆ. ಬೇರೆ ಆವೃತ್ತಿಯಲ್ಲಿ ಪರೀಕ್ಷೆ ಮಾಡಿ ನೋಡಲು ಸಾಧ್ಯವಾಗುವ ಹಾಗೆ ಸೇವ್ ಫೈಲಿನ ಸ್ಥಿತಿ, ಚಂದ್ರನ ಆಕಾರ, ಜಾಗ ಮೂರನ್ನೂ ಪ್ರತಿ ಫೋಟೊದ ಹೆಸರಿನಲ್ಲೇ ಸೇರಿಸಿ: ‘ಜಿಸಿ, ಫೈಲ್ 1, ಬಲ ಅರ್ಧಚಂದ್ರ, ಬಾಂಬ್ ದ್ವೀಪ, ಹಡಗು ಇಲ್ಲ’ ಅನ್ನುವ ಹಾಗೆ (ಜಿಸಿ ಅಂದರೆ ಗೇಮ್‌ಕ್ಯೂಬ್).